ತೇರಗಾಂವದ ಕಣದಿಂದ ಗ್ರಾಹಕನ ಬಾಗಿಲಿಗೆ : ‘ನೇರ ಮಾರುಕಟ್ಟೆ’ಯ ಕಲ್ಪನೆಯನ್ನು ಕುರಿತ ಒಂದು ವಿಮರ್ಶೆ

೧

ಚಿಕ್ಕ ಹಿಡುವಳಿಯ ರೈತನನ್ನೂ ಅವನ ಬೆಳೆಯನ್ನು ಕೊಳ್ಳುವವನನ್ನೂ ಮಧ್ಯವರ್ತಿಗಳ ಗೊಡವೆಯಿಲ್ಲದೆ ಎದುರುಬದುರಾಗಿ ನಿಲ್ಲಿಸಬೇಕೆಂಬ ಆಶಯ ಹಳೆಯದು. ಆ ಆಶಯಕ್ಕೆ ಈಚೆಗೆ ಒದಗಿರುವ ಸಾಧನ ಮಾತ್ರ ಹೊಸದು. ಗಣಕಯಂತ್ರ, ಅಂತರ್ಜಾಲ, ಮೊಬೈಲು ಇವು ಹಳ್ಳಿಯ ಮೂಲೆ ಮೂಲೆಗೂ ಪ್ರವೇಶಿಸಿದ ಮೇಲೆ, ರೈತನು ತನ್ನ ಕಣದಲ್ಲಿಯೇ ನಿಂತು ದೂರದ ಊರಿನ ಗ್ರಾಹಕನಿಗೆ ಮಾಲನ್ನು ಮಾರಬಹುದಾದ ‘ಡಿಜಿಟಲ್ ಮಾರುಕಟ್ಟೆ’ಯನ್ನು ರಚಿಸುವ ಪ್ರಯತ್ನಗಳು ಸರಕಾರದಿಂದಲೂ ಖಾಸಗಿಯವರಿಂದಲೂ ಒಂದೇ ಸಮನೆ ನಡೆದಿವೆ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಒಪ್ಪಿಸುವ ಪ್ರಬಂಧಗಳಲ್ಲಿಯೂ ಈ ವಿಷಯ ಮೇಲಿಂದ ಮೇಲೆ ಕಾಣಬರುತ್ತಿದೆ. ಅವುಗಳಲ್ಲಿ ಬಹುಪಾಲು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುವುವು : ದಲಾಲನು ಶೋಷಕ, ಅವನನ್ನು ತೊಡೆದುಹಾಕಿದರೆ ಅವನಿಗೆ ಸಲ್ಲುತ್ತಿದ್ದ ಹಣ ರೈತನಿಗೂ ಗ್ರಾಹಕನಿಗೂ ಹಂಚಿಹೋಗುವುದು, ಯಂತ್ರವು ಅವನನ್ನು ತೊಡೆಯಬಲ್ಲದು, ಆದುದರಿಂದ ಯಂತ್ರವನ್ನು ಸ್ಥಾಪಿಸತಕ್ಕದ್ದು.

ಈ ತರ್ಕದ ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಸತ್ಯಾಂಶವಿದೆ. ಆದರೂ ಒಟ್ಟು ತರ್ಕ ನಿಲ್ಲುವುದೋ ಎಂಬುದನ್ನು ಪರೀಕ್ಷಿಸಬೇಕಾಗಿದೆ. ಪ್ರಕೃತ ಲೇಖನದಲ್ಲಿ ನಾವು ಯಾವುದೊಂದು ಸಂಸ್ಥೆಯ ಗುಣದೋಷಗಳನ್ನು ಎಣಿಸಲು ಹೊರಟಿಲ್ಲ. ‘ನೇರ’ ಎಂಬ ಒಂದು ಮಾತನ್ನು ಎತ್ತಿಕೊಂಡು, ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ ತಾಲೂಕಿನ ತೇರಗಾಂವದಂತಹ ಒಂದು ಗ್ರಾಮದ ನೆಲದ ಮೇಲೆ ನಿಂತು ನೋಡಿದಾಗ ಆ ಮಾತಿಗೆ ಏನು ಅರ್ಥ ಉಳಿಯುವುದೆಂಬುದನ್ನು ವಿಚಾರಿಸುವುದಷ್ಟೆ ನಮ್ಮ ಉದ್ದೇಶ. ಸಾಹಿತ್ಯಕೃತಿಯನ್ನು ವಿಮರ್ಶಿಸುವಾಗ ಕವಿಯ ಉದ್ದೇಶವೊಂದಿದ್ದು ಕೃತಿಯ ಫಲ ಬೇರೊಂದಾಗಿರಬಹುದೆಂಬುದನ್ನು ನಾವು ಮರೆಯುವುದಿಲ್ಲ. ಮಾರುಕಟ್ಟೆಯ ರಚನೆಯೂ ಮನುಷ್ಯನ ಒಂದು ಕೃತಿಯೇ ಆದುದರಿಂದ ಅದಕ್ಕೂ ಇದೇ ವಿವೇಕ ಸಲ್ಲಬೇಕು.

೨

ಮೊದಲು ಹಿನ್ನೆಲೆಯನ್ನು ಸಂಕ್ಷೇಪವಾಗಿ ನೆನೆಯುವುದು ಒಳಿತು. ರೈತನನ್ನು ಸಾಲಗಾರನ ಹಿಡಿತದಿಂದ ಬಿಡಿಸುವ ಕಾರ್ಯ ಕನ್ನಡ ನಾಡಿನಲ್ಲಿ ೧೯೦೫ರಷ್ಟು ಹಿಂದೆಯೇ ಮೊದಲಾಯಿತು. ಆ ವರ್ಷ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಸ್ಥಾಪಿತವಾದ ಪತ್ತಿನ ಸಹಕಾರಿ ಸಂಘವು ಭಾರತದ ಮೊದಲನೆಯ ಕೃಷಿ ಸಹಕಾರಿ ಸಂಘವೆಂದು ಪ್ರಸಿದ್ಧವಾಗಿದೆ. ಗಮನಿಸಬೇಕಾದುದೆಂದರೆ, ಅಂದಿನವರು ಮೊದಲು ಕೈಹಾಕಿದ್ದು ಸಾಲಕ್ಕೆ. ಮಾರಾಟದ ಪ್ರಶ್ನೆ ಆಮೇಲೆ ಬಂದಿತು. ೧೯೨೩ರಲ್ಲಿ ಶಿರಸಿಯಲ್ಲಿ ತೋಟಗಾರರ ಮಾರಾಟ ಸಹಕಾರಿ ಸಂಘ ಹುಟ್ಟಿತು. ೧೯೫೯ರಲ್ಲಿ ಡಾ. ಎಂ. ಎಚ್. ಮರಿಗೌಡರ ಪ್ರಯತ್ನದಿಂದ ಬೆಂಗಳೂರಿನಲ್ಲಿ ದ್ರಾಕ್ಷಿ ಬೆಳೆಗಾರರ ಸಂಘವಾಗಿ ಮೊದಲಾದದ್ದೇ ಮುಂದೆ ‘ಹಾಪ್‌ಕಾಮ್ಸ್’ ಆಗಿ ಬೆಳೆಯಿತು. ೧೯೭೩ರಲ್ಲಿ, ಅಡಕೆಯ ಧಾರಣೆ ಕುಸಿದು ಬೆಳೆಗಾರರು ಕಂಗೆಟ್ಟಿದ್ದ ಸಂದರ್ಭದಲ್ಲಿ, ಮಂಗಳೂರಿನಲ್ಲಿ ‘ಕ್ಯಾಂಪ್ಕೊ’ ಸ್ಥಾಪಿತವಾಯಿತು.

ಇನ್ನೊಂದು ಕಡೆಯಿಂದ ಕಾನೂನು ಬಂದಿತು. ಉತ್ತರ ಕನ್ನಡವು ಮುಂಬಯಿ ಪ್ರಾಂತದಲ್ಲಿದ್ದಾಗ ೧೯೩೯ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆ ಜಾರಿಗೆ ಬಂದಿತು. ರಾಜ್ಯದ ಏಕೀಕರಣದ ನಂತರ ೧೯೬೬ರ ಕಾಯಿದೆಯು ಇಡೀ ನಾಡಿಗೆ ಒಂದೇ ಕ್ರಮವನ್ನು ವಿಧಿಸಿತು. ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಮುರಿಯುವುದು, ಸೂಟು ಕಳೆಯುವುದು, ಧರ್ಮಾದಾಯವೆಂದು ವಸೂಲು ಮಾಡುವುದು ಮುಂತಾದ ರೂಢಿಗಳನ್ನು ತೊಡೆದು, ಬಹಿರಂಗ ಸವಾಲು, ಸರಿಯಾದ ತೂಕ, ಲಿಖಿತ ಪಟ್ಟಿ ಇವುಗಳನ್ನು ನೆಲೆಗೊಳಿಸುವುದು ಈ ಕಾಯಿದೆಗಳ ಗುರಿಯಾಗಿತ್ತು. ಆದರೆ ಪ್ರಾಂಗಣದ ಗೋಡೆಯೊಳಗೆ ಹಳೆಯ ವರ್ತಕರೇ ಕೂಟ ಕಟ್ಟಿಕೊಂಡು ಬೆಲೆಯನ್ನು ಇಳಿಸುವರೆಂಬ ದೂರು ಮಾತ್ರ ಉಳಿದುಕೊಂಡಿತು.

ಈ ದೂರಿಗೆ ಉತ್ತರವಾಗಿ ಕರ್ನಾಟಕವು ೨೦೧೪ರಲ್ಲಿ ‘ಏಕೀಕೃತ ಮಾರುಕಟ್ಟೆ ವೇದಿಕೆ’ಯನ್ನು ತೆರೆಯಿತು. ರಾಜ್ಯ ಸರಕಾರವೂ ಎನ್‌ಸಿಡಿಇಎಕ್ಸ್ ಬಳಗದ ಒಂದು ಕಂಪನಿಯೂ ಸಮಪಾಲಿನಲ್ಲಿ ಸೇರಿ ಸ್ಥಾಪಿಸಿದ ‘ರಾಷ್ಟ್ರೀಯ ಇ-ಮಾರುಕಟ್ಟೆ ಸೇವಾ ಸಂಸ್ಥೆ’ ಇದನ್ನು ನಡೆಸುವ ಹೊಣೆ ಹೊತ್ತಿತು. ಇದರ ಕ್ರಮ ಹೀಗಿದೆ : ರೈತನ ಮಾಲು ಪ್ರಾಂಗಣದ ಬಾಗಿಲಿಗೆ ಬಂದೊಡನೆ ಅದಕ್ಕೆ ಒಂದು ಲಾಟು ಸಂಖ್ಯೆ ಬೀಳುವುದು, ರಾಜ್ಯದ ಯಾವ ಊರಿನ ಪರವಾನಿಗೆ ಪಡೆದ ವರ್ತಕನಾದರೂ ಗಣಕದ ಮೂಲಕ ಅದಕ್ಕೆ ಬೆಲೆ ಹೇಳಬಹುದು, ನಿಗದಿಯಾದ ಹೊತ್ತಿಗೆ ಯಂತ್ರವೇ ಹೆಚ್ಚಿನ ಬೆಲೆಯನ್ನು ಆರಿಸಿ ತಿಳಿಸುವುದು, ಬೆಲೆ ಒಪ್ಪಿಗೆಯಾಗದಿದ್ದರೆ ರೈತನು ನಿರಾಕರಿಸಬಹುದು, ಹಣ ಅವನ ಬ್ಯಾಂಕಿನ ಖಾತೆಗೆ ಸಲ್ಲತಕ್ಕದ್ದು. ಇದೇ ಮಾದರಿಯನ್ನು ಎದುರಿಗಿಟ್ಟುಕೊಂಡು ಕೇಂದ್ರ ಸರಕಾರವು ೨೦೧೬ರ ಏಪ್ರಿಲ್ ೧೪ರಂದು ಎಂಟು ರಾಜ್ಯಗಳ ೨೧ ಮಾರುಕಟ್ಟೆಗಳಲ್ಲಿ ‘ಇ-ನಾಮ್’ ಎಂಬ ರಾಷ್ಟ್ರೀಯ ವೇದಿಕೆಯನ್ನು ಆರಂಭಿಸಿತು. ೨೦೨೦ರ ಹೊತ್ತಿಗೆ ಅದು ಸಾವಿರ ಮಾರುಕಟ್ಟೆಗಳನ್ನು ಮುಟ್ಟಿತು. ಖಾಸಗಿಯವರಲ್ಲಿ, ೨೦೧೫ರಲ್ಲಿ ಬೆಂಗಳೂರಿನಲ್ಲಿ ಮೊದಲಾದ ‘ನಿಂಜಾಕಾರ್ಟ್’ ತರಕಾರಿಯನ್ನು ಹಳ್ಳಿಯ ಸಂಗ್ರಹ ಕೇಂದ್ರಗಳಲ್ಲಿ ಕೊಂಡು ಪಟ್ಟಣದ ಅಂಗಡಿಗಳಿಗೆ ತಲಪಿಸುವ ಏರ್ಪಾಟನ್ನು ಮಾಡಿತು.

ಮೇಲ್ಕಂಡ ಎರಡು ಬಗೆಗಳಲ್ಲಿ ಯಾವುದೊಂದರಲ್ಲಿಯೂ ‘ನೇರ’ವೆಂಬುದು ಅಕ್ಷರಾರ್ಥದಲ್ಲಿ ಇಲ್ಲವೆಂಬುದನ್ನು ವಾಚಕರು ಗಮನಿಸಿರಬಹುದು. ಮೊದಲನೆಯದರಲ್ಲಿ ಕೊಳ್ಳುವವನು ವರ್ತಕನೇ; ಅವನ ಸಂಖ್ಯೆ ಹೆಚ್ಚಿದೆ, ಅಷ್ಟೆ. ಎರಡನೆಯದರಲ್ಲಿ ಹಲವು ಮಧ್ಯವರ್ತಿಗಳ ಸ್ಥಾನದಲ್ಲಿ ಒಂದು ದೊಡ್ಡ ಕಂಪನಿ ಬಂದು ನಿಂತಿದೆ. ಇದು ದೋಷವೆಂದು ನಾವು ಹೇಳುತ್ತಿಲ್ಲ. ಹೆಸರಿಗೂ ವಸ್ತುವಿಗೂ ಇರುವ ಅಂತರವನ್ನು ಸೂಚಿಸುತ್ತಿದ್ದೇವೆ.

೩

ಈಗ ತೇರಗಾಂವದ ಕಡೆಗೆ ತಿರುಗೋಣ. ಹಳಿಯಾಳ ತಾಲೂಕು ಸಹ್ಯಾದ್ರಿಯ ಮೂಡಣ ಸೆರಗಿನಲ್ಲಿದೆ. ಪಡುವಣಕ್ಕೆ ದಾಂಡೇಲಿ, ಜೋಯಿಡಾಗಳ ದಟ್ಟ ಅರಣ್ಯ. ಮೂಡಣಕ್ಕೆ ಧಾರವಾಡದ ಬಯಲು. ಭತ್ತವೂ ಕಬ್ಬೂ ಇಲ್ಲಿನ ಮುಖ್ಯ ಬೆಳೆಗಳು. ಗೋವಿನಜೋಳ, ಹತ್ತಿಗಳೂ ಉಂಟು. ಮನೆಯಲ್ಲಿ ಕನ್ನಡ, ಮರಾಠಿ, ಕೊಂಕಣಿ, ಉರ್ದು ಇವುಗಳಲ್ಲೊಂದನ್ನು ಆಡುವ ಕುಟುಂಬಗಳು ಅಕ್ಕಪಕ್ಕದಲ್ಲಿ ಬಾಳುತ್ತವೆ. ಹೊಲಗಳು ಚಿಕ್ಕವು. ೨೦೧೫-೧೬ರ ಕೃಷಿ ಗಣತಿಯ ಪ್ರಕಾರ ಭಾರತದ ಹಿಡುವಳಿಗಳಲ್ಲಿ ನೂರಕ್ಕೆ ೮೬ರಷ್ಟು ಎರಡು ಹೆಕ್ಟೇರಿಗಿಂತ ಕಡಿಮೆಯವು. ಸರಾಸರಿ ಹಿಡುವಳಿ ೧.೦೮ ಹೆಕ್ಟೇರು. ನಾವು ಮಾತಾಡುತ್ತಿರುವ ‘ಚಿಕ್ಕ ರೈತ’ನೆಂದರೆ ಈ ೮೬ರಲ್ಲೊಬ್ಬನು.

ಈ ನೆಲದ ಎರಡು ಬೆಳೆಗಳನ್ನು ಜೊತೆಗಿಟ್ಟು ನೋಡಿದರೆ ನಮ್ಮ ಪ್ರಶ್ನೆ ತಾನಾಗಿಯೇ ಸ್ಪಷ್ಟವಾಗುತ್ತದೆ. ಭತ್ತವು ಕಣದಿಂದ ಗ್ರಾಹಕನ ಊಟದ ತಟ್ಟೆಗೆ ಹೋಗುವಷ್ಟರಲ್ಲಿ ಹಳ್ಳಿಯ ಖರೀದಿದಾರ, ಪೇಟೆಯ ಅಡತಿ, ಗಿರಣಿಯವನು, ಸಗಟು ವರ್ತಕ, ಚಿಲ್ಲರೆ ಅಂಗಡಿಯವನು ಹೀಗೆ ನಾಲ್ಕೈದು ಕೈಗಳನ್ನು ದಾಟುತ್ತದೆ. ಕಬ್ಬು ಹಾಗಲ್ಲ, ಗದ್ದೆಯಿಂದ ಹೊರಟ ಕಬ್ಬು ಕಾರಖಾನೆಯ ಬಾಗಿಲಿನಲ್ಲಿಯೇ ನಿಲ್ಲುತ್ತದೆ. ನಡುವೆ ದಲಾಲನಿಲ್ಲ, ಅಡತಿಯಿಲ್ಲ, ಸವಾಲಿಲ್ಲ. ‘ನೇರ ಮಾರಾಟ’ವೆಂಬ ಆದರ್ಶಕ್ಕೆ ನಮ್ಮ ಕೃಷಿಯಲ್ಲಿ ಕಬ್ಬಿಗಿಂತ ಹತ್ತಿರವಾದ ಉದಾಹರಣೆ ದೊರೆಯಲಾರದು. ಬೆಲೆಗೆ ಕಾನೂನಿನ ಆಸರೆಯೂ ಉಂಟು : ೧೯೬೬ರ ಕಬ್ಬು ನಿಯಂತ್ರಣ ಆದೇಶದಂತೆ ಕೇಂದ್ರವು ಕನಿಷ್ಠ ದರವನ್ನು ಗೊತ್ತುಪಡಿಸುವುದು, ಮಾಲು ಸಂದ ಹದಿನಾಲ್ಕು ದಿನಗಳೊಳಗೆ ಹಣ ಸಲ್ಲತಕ್ಕದ್ದು. ಮಧ್ಯವರ್ತಿಯೇ ರೈತನ ದುಃಖಕ್ಕೆ ಮೂಲವೆಂಬ ಮಾತು ನಿಜವಾಗಿದ್ದರೆ ಕಬ್ಬಿನ ಬೆಳೆಗಾರನು ನಾಡಿನಲ್ಲೆಲ್ಲ ಅತ್ಯಂತ ನೆಮ್ಮದಿಯ ರೈತನಾಗಿರಬೇಕಾಗಿತ್ತು.

ವಸ್ತುಸ್ಥಿತಿ ಹಾಗಿಲ್ಲವೆಂಬುದು ಎಲ್ಲರಿಗೂ ತಿಳಿದದ್ದು. ಕಬ್ಬಿನ ಬೆಲೆ, ಬಾಕಿ, ಕಟಾವು ಮತ್ತು ಸಾಗಾಣಿಕೆಯ ಖರ್ಚು, ತೂಕ ಇವುಗಳಿಗಾಗಿ ಉತ್ತರ ಕರ್ನಾಟಕದ ರೈತರು ಹಂಗಾಮಿನ ಆರಂಭದಲ್ಲಿ ರಸ್ತೆಗಿಳಿಯುವುದು ಹೆಚ್ಚು ಕಡಿಮೆ ವಾರ್ಷಿಕ ವಿಧಿಯಾಗಿದೆ. ೨೦೨೨ರಲ್ಲಿ ಹಳಿಯಾಳದಲ್ಲಿಯೂ, ೨೦೨೫ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿಯೂ ನಡೆದ ಧರಣಿಗಳು ಇದಕ್ಕೆ ಸಾಕ್ಷಿ. ಕಾರಣ ಹುಡುಕಲು ದೂರ ಹೋಗಬೇಕಾದುದಿಲ್ಲ. ಕಡಿದ ಕಬ್ಬು ಕಾಯುವುದಿಲ್ಲ. ದಿನ ಕಳೆದಂತೆ ಅದರ ಸಕ್ಕರೆ ಇಳಿಯುವುದು, ತೂಕವೂ ಇಳಿಯುವುದು. ದೂರದ ಕಾರಖಾನೆಗೆ ಸಾಗಿಸಿದರೆ ಬಾಡಿಗೆಯೇ ಬೆಲೆಯನ್ನು ತಿನ್ನುವುದು. ಆದುದರಿಂದ ಹತ್ತಿರದ ಕಾರಖಾನೆಯೊಂದೇ ಅವನಿಗೆ ನಿಜವಾದ ಗ್ರಾಹಕ. ಅಲ್ಲದೆ ದರವು ಸಕ್ಕರೆಯ ಇಳುವರಿಯನ್ನು ಅವಲಂಬಿಸಿದೆ, ನೂರಕ್ಕೆ ೧೦.೨೫ ಇಳುವರಿಯನ್ನು ಆಧಾರವಾಗಿಟ್ಟುಕೊಂಡು ದರವನ್ನು ಏರಿಸುವ ಇಳಿಸುವ ಕ್ರಮವಿದೆ. ಆ ಇಳುವರಿಯನ್ನು ಅಳೆಯುವ ಪ್ರಯೋಗಶಾಲೆಯೂ ತೂಗುವ ಕಾಟವೂ ಕೊಳ್ಳುವವನ ಅಂಗಳದಲ್ಲಿಯೇ ಇವೆ. ಕಟಾವಿಗೆ ಯಾವ ಗದ್ದೆಗೆ ಮೊದಲು ಆಳು ಕಳಿಸಬೇಕೆಂಬ ಸರದಿಯೂ ಅವನ ಕೈಯಲ್ಲಿಯೇ ಉಳಿದಿದೆ.

ಇದರಿಂದ ನಾವು ಪಡೆಯಬೇಕಾದ ನಿರ್ಣಯವೆಂದರೆ, ಕೊಡುವವನಿಗೂ ಕೊಳ್ಳುವವನಿಗೂ ನಡುವಣ ದೂರವು ಕಡಿಮೆಯಾದ ಮಾತ್ರಕ್ಕೆ ಅವರಿಬ್ಬರ ಬಲವು ಸಮವಾಗುವುದಿಲ್ಲ. ರೈತನಿಗೆ ಬೇಕಾದುದು ಮೂರು ಶಕ್ತಿಗಳು : ಒಬ್ಬನನ್ನು ಬಿಟ್ಟು ಇನ್ನೊಬ್ಬನಿಗೆ ಮಾರುವ ಶಕ್ತಿ, ಮಾರದೆ ಕೆಲವು ದಿನ ಕಾಯುವ ಶಕ್ತಿ, ತನ್ನ ಮಾಲನ್ನು ತಾನು ಅಳೆದು ತಿಳಿಯುವ ಶಕ್ತಿ. ಈ ಮೂರನ್ನೂ ಕೊಡದ ‘ನೇರ’ ಸಂಬಂಧವು ಹಳೆಯ ಅವಲಂಬನೆಯ ಹೊಸ ರೂಪವಾದೀತು.

೪

ಹಾಗಾದರೆ ದಲಾಲನು ಮಾಡುವ ಕೆಲಸವೇನು? ಅವನನ್ನು ಕೇವಲ ಪರೋಪಜೀವಿಯೆಂದು ಬಗೆಯುವವರೂ ಇದ್ದಾರೆ. ಅವನಿಲ್ಲದೆ ವ್ಯಾಪಾರವೇ ನಡೆಯದೆಂದು ಸಾಧಿಸುವವರೂ ಇದ್ದಾರೆ. ಎರಡು ಪಕ್ಷದವರೂ ಮನುಷ್ಯನನ್ನು ನೋಡಿ ಕೆಲಸವನ್ನು ನೋಡದೆ ಹೋಗುತ್ತಾರೆಂದು ನಮಗೆ ತೋರುತ್ತದೆ. ಐದಾರು ಚೀಲದಂತೆ ಹತ್ತು ಮನೆಗಳಲ್ಲಿರುವ ಭತ್ತವನ್ನು ಒಂದು ಲಾರಿಯ ತುಂಬ ಒಟ್ಟುಗೂಡಿಸುವುದು, ಹಸಿಯದು, ಒಣಗಿದ್ದು, ಜೊಳ್ಳು ಬೆರೆತದ್ದು ಎಂದು ವಿಂಗಡಿಸುವುದು, ಸಾಗಿಸುವುದು, ಕೂಡಿಡುವುದು, ಕೊಂಡವನು ಹಣ ಕೊಡದೆ ಹೋದರೆ ಆ ನಷ್ಟವನ್ನು ಹೊರುವುದು, ಇವೆಲ್ಲಕ್ಕಿಂತ ಮಿಗಿಲಾಗಿ, ಬಿತ್ತನೆಯ ಕಾಲಕ್ಕೆ ಬೀಜ ಗೊಬ್ಬರಗಳಿಗೂ, ಮನೆಯಲ್ಲಿ ಮದುವೆ ಬೇನೆಗಳಿಗೂ ರಾತ್ರಿ ಹೋದರೂ ಇಲ್ಲವೆನ್ನದೆ ಕೈಗಡ ಕೊಡುವುದು : ಹೀಗೆ ಆರು ಕೆಲಸಗಳು ಅವನಲ್ಲಿ ಕೂಡಿಕೊಂಡಿವೆ. ಈ ಆರಕ್ಕೂ ಅವನು ಪಡೆಯುವ ಪ್ರತಿಫಲ ಮಿತಿಮೀರಿದ್ದಿರಬಹುದು. ಅನೇಕ ವೇಳೆ ಮಿತಿಮೀರಿಯೇ ಇರುತ್ತದೆ. ಆದರೆ ಅವನನ್ನು ತೆಗೆದುಹಾಕಿದ ಮಾತ್ರಕ್ಕೆ ಈ ಕೆಲಸಗಳು ಇಲ್ಲವಾಗುವುದಿಲ್ಲ. ಯಾರಾದರೊಬ್ಬರು ಅವುಗಳನ್ನು ಮಾಡಲೇಬೇಕು, ಮತ್ತು ಅದರ ವೆಚ್ಚವನ್ನು ಯಾರಾದರೊಬ್ಬರು ಹೊರಲೇಬೇಕು.

ಕೊನೆಯದಾಗಿ ಹೇಳಿದ ಸಾಲದ ವಿಷಯವನ್ನು ಒಂದು ಲೆಕ್ಕದಿಂದ ವಿಶದಪಡಿಸಬಹುದು. ಉದಾಹರಣೆಗಾಗಿ, ಒಬ್ಬ ರೈತನು ಮನೆಯ ಊಟಕ್ಕೆ ಇಟ್ಟುಕೊಂಡು ೧೨ ಕ್ವಿಂಟಲ್ ಭತ್ತವನ್ನು ಮಾರುವನೆಂದು ಭಾವಿಸೋಣ. ೨೦೨೫-೨೬ರ ಹಂಗಾಮಿಗೆ ಸಾಮಾನ್ಯ ಭತ್ತಕ್ಕೆ ಗೊತ್ತುಪಡಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ ೨,೩೬೯ ರೂಪಾಯಿ. ಅದೇ ದರಕ್ಕೆ ಮಾರಿದರೆ ಒಟ್ಟು ೨೮,೪೨೮ ರೂಪಾಯಿ. ಒಳ್ಳೆಯ ಡಿಜಿಟಲ್ ಮಾರುಕಟ್ಟೆಯಿಂದ ಅವನಿಗೆ ನೂರಕ್ಕೆ ಐದರಷ್ಟು ಹೆಚ್ಚು ಬೆಲೆ ದೊರೆಯಿತೆನ್ನೋಣ; ಲಾಭ ೧,೪೦೦ ರೂಪಾಯಿಗೆ ಸ್ವಲ್ಪ ಮೇಲೆ. ಈಗ ಅದೇ ರೈತನು ಜೂನಿನಲ್ಲಿ ವ್ಯಾಪಾರಿಯಿಂದ ೧೦,೦೦೦ ರೂಪಾಯಿಯನ್ನು ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಯಂತೆ ಐದು ತಿಂಗಳ ಮಟ್ಟಿಗೆ ತಂದಿದ್ದರೆ ಬಡ್ಡಿಯೇ ೧,೫೦೦ ರೂಪಾಯಿ. ಬೆಲೆಯ ಏರಿಕೆಯಿಂದ ಬಂದ ಲಾಭವು ಬಡ್ಡಿಗೂ ಸಾಲದು. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಸಾಲ ತಂದ ರೈತನು ಸಾಮಾನ್ಯವಾಗಿ ಆ ಲಾಭವನ್ನು ಪಡೆಯಲು ಹೋಗುವಂತೆಯೇ ಇಲ್ಲ. ಸಾಲ ಕೊಟ್ಟವನ ಅಂಗಡಿಗೇ ಮಾಲು ಹಾಕಬೇಕೆಂಬುದು ಅಲಿಖಿತ ಕರಾರು. ಅವನ ಕೈಯಲ್ಲಿರುವ ಮೊಬೈಲು ಹತ್ತು ಊರುಗಳ ಧಾರಣೆಯನ್ನು ತೋರಿಸಿದರೂ ಅವನ ಭತ್ತಕ್ಕೆ ಇರುವುದು ಒಂದೇ ದಾರಿ. ಕಣಗಿನಹಾಳದ ಹಿರಿಯರು ಮಾರಾಟಕ್ಕಿಂತ ಮೊದಲು ಸಾಲಕ್ಕೆ ಕೈಹಾಕಿದ್ದರ ಔಚಿತ್ಯ ಇಲ್ಲಿ ನಮಗೆ ಮನವರಿಕೆಯಾಗುತ್ತದೆ.

೫

ಇದು ಕೇವಲ ಊಹೆಯ ಮಾತಾಗದಂತೆ, ಅನ್ಯತ್ರ ನಡೆದ ಸಂಶೋಧನೆಗಳನ್ನು ಪರಾಮರ್ಶಿಸೋಣ. ಕೇರಳದ ಕರಾವಳಿಯ ಬೆಸ್ತರಿಗೆ ೧೯೯೭ರಿಂದ ೨೦೦೧ರವರೆಗೆ ಮೊಬೈಲು ದೊರೆತಾಗ ಏನಾಯಿತೆಂಬುದನ್ನು ರಾಬರ್ಟ್ ಜೆನ್‌ಸನ್ ೨೦೦೭ರಲ್ಲಿ ಪ್ರಕಟಿಸಿದ ಪ್ರಬಂಧ ಪ್ರಸಿದ್ಧವಾಗಿದೆ. ದೋಣಿಯಲ್ಲಿದ್ದುಕೊಂಡೇ ದಡದ ಧಾರಣೆ ತಿಳಿಯುವಂತಾದುದರಿಂದ ಮೀನು ಹಾಳಾಗುವುದು ನಿಂತಿತು. ಬೆಸ್ತರ ಲಾಭ ನೂರಕ್ಕೆ ಎಂಟರಷ್ಟು ಏರಿತು, ಗ್ರಾಹಕನ ಬೆಲೆ ನೂರಕ್ಕೆ ನಾಲ್ಕರಷ್ಟು ಇಳಿಯಿತು. ಮಧ್ಯಪ್ರದೇಶದಲ್ಲಿ ೨೦೦೦ದ ಜೂನಿನಲ್ಲಿ ಐಟಿಸಿ ಕಂಪನಿಯು ಆರಂಭಿಸಿದ ‘ಇ-ಚೌಪಾಲ್’ ಕೇಂದ್ರಗಳಿಂದ ಸೋಯಾ ಅವರೆಯ ಬೆಲೆ ನೂರಕ್ಕೆ ಒಂದರಿಂದ ಮೂರರಷ್ಟು ಹೆಚ್ಚಿತೆಂದು ಅಪರಾಜಿತಾ ಗೋಯಲ್ ೨೦೧೦ರಲ್ಲಿ ತೋರಿಸಿದರು. ಆದರೆ ಮಹಾರಾಷ್ಟ್ರದಲ್ಲಿ ಮೊಬೈಲಿನ ಸಂದೇಶಗಳ ಮೂಲಕ ಧಾರಣೆ, ಹವಾಮಾನಗಳನ್ನು ರೈತರಿಗೆ ತಿಳಿಸಿದ ಸೇವೆಯನ್ನು ಪರೀಕ್ಷಿಸಿದ ಫಫ್ಶಾಂ ಮತ್ತು ಮಿಂಟನ್ (೨೦೧೨) ಅವರಿಗೆ ರೈತನು ಪಡೆದ ಬೆಲೆಯಲ್ಲಿ ಗಣನೀಯವಾದ ವ್ಯತ್ಯಾಸವೇನೂ ಕಾಣಲಿಲ್ಲ.

ಮಾಹಿತಿ ಎಲ್ಲೆಡೆಯೂ ಮಾಹಿತಿಯೇ. ಫಲ ಮಾತ್ರ ಏಕೆ ಬೇರೆಯಾಯಿತು? ಬೆಸ್ತನು ಧಾರಣೆಯನ್ನು ಕೇಳಿದೊಡನೆ ಚುಕ್ಕಾಣಿ ತಿರುಗಿಸಿ ಇನ್ನೊಂದು ದಡಕ್ಕೆ ಹೋಗಬಲ್ಲನು. ಅವನ ಮಾರುಕಟ್ಟೆಗಳು ಒಂದೇ ಕರಾವಳಿಯಲ್ಲಿ ಸಾಲಾಗಿವೆ. ವಾಹನ ಅವನ ಕಾಲ ಕೆಳಗೇ ಇದೆ. ಸೋಯಾ ಬೆಳೆಗಾರನಿಗೆ ಧಾರಣೆಯೊಡನೆ ಇನ್ನೊಬ್ಬ ಗ್ರಾಹಕನೂ ದೊರೆತನು. ಬರಿಯ ಸಂದೇಶವನ್ನು ಪಡೆದವನಿಗೆ ಇವೆರಡೂ ಇರಲಿಲ್ಲ. ಇ-ಚೌಪಾಲ್‌ನ ಇನ್ನೊಂದು ಸಂಗತಿಯೂ ಸ್ವಾರಸ್ಯವಾಗಿದೆ. ಮಧ್ಯವರ್ತಿಯನ್ನು ಬಿಟ್ಟು ನಡೆಯಲು ಹೊರಟ ಆ ಕಂಪನಿಯೇ ಹಳೆಯ ಅಡತಿಗಳನ್ನು ‘ಸಂಯೋಜಕ’ರೆಂಬ ಹೊಸ ಹೆಸರಿನಿಂದ ಮರಳಿ ಕರೆದುಕೊಂಡಿತು. ಹಳ್ಳಿಯ ವ್ಯವಹಾರವನ್ನು ಬಲ್ಲವರು, ನಗದನ್ನು ನಿರ್ವಹಿಸಬಲ್ಲವರು ಅವರೇ ಆಗಿದ್ದರು.

ನಮ್ಮದೇ ಏಕೀಕೃತ ವೇದಿಕೆಯನ್ನು ಕುರಿತು ರೆತ್ಸೆಫ್ ಲೆವಿ, ಮನೋಜ್ ರಾಜನ್, ಸೋಮ್ಯ ಸಿಂಘ್ವಿ, ಯಾಂಚೊಂಗ್ ಝೆಂಗ್ ಇವರು ೨೦೨೦ರಲ್ಲಿ ಪ್ರಕಟಿಸಿದ ಅಧ್ಯಯನವು ಈ ವಿಷಯದ ಅಧ್ಯಾಪಕರೆಲ್ಲರೂ ಓದತಕ್ಕದ್ದು. ಅದರಂತೆ ಕೆಲವು ಬೆಳೆಗಳ ಧಾರಣೆ ನೂರಕ್ಕೆ ೩.೫ರಿಂದ ೫.೧ರಷ್ಟು ಏರಿದೆ, ಭತ್ತವು ಹೀಗೆ ಏರಿದವುಗಳಲ್ಲೊಂದು. ಇನ್ನು ಕೆಲವು ಬೆಳೆಗಳಲ್ಲಿ ಗಮನಾರ್ಹವಾದ ಬದಲಾವಣೆ ಕಂಡುಬಂದಿಲ್ಲ. ಈ ತಾರತಮ್ಯಕ್ಕೆ ಅವರು ಕೊಡುವ ಕಾರಣಗಳಲ್ಲಿ ಸಾಗಾಣಿಕೆಯ ತೊಡಕು, ವರ್ತಕರು ಕೆಲವೇ ಮಂದಿಯಾಗಿರುವುದು, ಸವಾಲಿನ ಕ್ರಮ ಇವು ಮುಖ್ಯವಾದವು. ಅಂದರೆ ಯಂತ್ರವು ಎಲ್ಲೆಡೆ ಒಂದೇ ಆಗಿದ್ದರೂ ಅದರ ಸುತ್ತಲಿನ ದಾರಿ, ಉಗ್ರಾಣ, ವರ್ತಕರ ಸಂಖ್ಯೆಗಳೇ ಫಲವನ್ನು ನಿರ್ಧರಿಸಿದವು. ನೂರಕ್ಕೆ ಐದು ಅಲ್ಪವೆಂದು ಹಳಿಯುವುದು ಸರಿಯಲ್ಲ. ಲಾಭದ ಅಂಚೇ ತೆಳುವಾಗಿರುವ ಚಿಕ್ಕ ರೈತನಿಗೆ ಅದು ದೊಡ್ಡ ಮೊತ್ತ. ಆದರೆ ಕ್ರಾಂತಿಯೆಂದು ಕೊಂಡಾಡುವುದಕ್ಕೂ ಅದು ಆಧಾರವಾಗಲಾರದು.

೬

ಇನ್ನು ವಿನ್ಯಾಸದ ಮಾತು. ಡಿಜಿಟಲ್ ಮಾರುಕಟ್ಟೆಯ ಮೊದಲ ಪುಟವು ಒಂದು ಬಾಗಿಲು. ಆ ಬಾಗಿಲಿನಲ್ಲಿ ಕೇಳುವ ಮೊದಲ ಪ್ರಶ್ನೆಯೇ ಒಳಗೆ ಯಾರು ಬರಬಹುದೆಂಬುದನ್ನು ತೀರ್ಮಾನಿಸಿಬಿಡುತ್ತದೆ. ಕರ್ನಾಟಕವು ‘ಭೂಮಿ’ ಯೋಜನೆಯ ಮೂಲಕ ಸುಮಾರು ಎರಡು ಕೋಟಿ ಪಹಣಿಗಳನ್ನು ೨೦೦೧ರ ಹೊತ್ತಿಗೇ ಗಣಕಕ್ಕೆ ಏರಿಸಿತು. ಇಂದು ‘ಫ್ರೂಟ್ಸ್’ ನೋಂದಣಿಯು ರೈತನ ಗುರುತಾಗಿದ್ದು, ಬೆಂಬಲ ಬೆಲೆಯ ಖರೀದಿಗೆ ಅದು ಅವಶ್ಯಕ. ಅದರ ಬುಡದಲ್ಲಿರುವುದು ಪಹಣಿ. ಈ ಕ್ರಮದಲ್ಲಿ ‘ರೈತ’ನೆಂದರೆ ಪಹಣಿಯಲ್ಲಿ ಹೆಸರುಳ್ಳವನು.

ಈ ವ್ಯಾಖ್ಯೆಯಿಂದ ಹೊರಗೆ ಉಳಿಯುವವರು ಯಾರು? ಮೊದಲನೆಯದಾಗಿ, ಹೊಲವನ್ನು ಲಾವಣಿಗೆ ಹಿಡಿದು ಉಳುವವರು. ೧೯೬೧ರ ಭೂಸುಧಾರಣಾ ಕಾಯಿದೆಗೆ ೧೯೭೪ರಲ್ಲಿ ಆದ ತಿದ್ದುಪಡಿಯು ಗೇಣಿಪದ್ಧತಿಯನ್ನು ರದ್ದುಗೊಳಿಸಿದ್ದರಿಂದ ಇಂದಿನ ಲಾವಣಿಗಳು ಬಾಯಿಮಾತಿನವು. ಕಾಗದದಲ್ಲಿ ಅವಕ್ಕೆ ಅಸ್ತಿತ್ವವಿಲ್ಲ. ಎರಡನೆಯದಾಗಿ, ಗಂಡನ ಅಥವಾ ಮಾವನ ಹೆಸರಿನಲ್ಲಿರುವ ಭೂಮಿಯಲ್ಲಿ ನಾಟಿಯಿಂದ ಒಕ್ಕಣೆಯವರೆಗೆ ದುಡಿಯುವ ಹೆಂಗಸರು. ಮೂರನೆಯದಾಗಿ, ಈ ತಾಲೂಕುಗಳಿಗೆ ವಿಶೇಷವಾದ ಒಂದು ವರ್ಗ : ಹಳಿಯಾಳ, ಜೋಯಿಡಾ, ಮುಂಡಗೋಡಗಳ ಅರಣ್ಯದಂಚಿನಲ್ಲಿ ತಲೆಮಾರುಗಳಿಂದ ಬೇಸಾಯ ಮಾಡಿಕೊಂಡಿರುವ ಸಿದ್ದಿ, ಗೌಳಿ, ಕುಣಬಿ ಕುಟುಂಬಗಳು. ಉತ್ತರ ಕನ್ನಡದ ಸಿದ್ದಿಗಳಿಗೆ ೨೦೦೩ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ದೊರೆತಿದ್ದರೂ, ೨೦೦೬ರ ಅರಣ್ಯ ಹಕ್ಕು ಕಾಯಿದೆಯಂತೆ ಹಕ್ಕುಪತ್ರ ಕೈಗೆ ಬಾರದವನು ತಾನೇ ಬೆಳೆದ ಭತ್ತವನ್ನು ತನ್ನದೆಂದು ಯಂತ್ರದ ಮುಂದೆ ಸ್ಥಾಪಿಸಲಾರನು. ಅವನು ಹಳ್ಳಿಯ ವ್ಯಾಪಾರಿಗೇ ಮಾರುವನು. ವ್ಯಾಪಾರಿಯು ಪಹಣಿಯುಳ್ಳ ಇನ್ನೊಬ್ಬನ ಹೆಸರಿನಲ್ಲಿ ಅದನ್ನು ಮುಂದಕ್ಕೆ ದಾಟಿಸಬಹುದು. ಮಧ್ಯವರ್ತಿಯನ್ನು ತೊಡೆಯಲು ಹೊರಟ ಸಾಧನವೇ ಅತ್ಯಂತ ಬಡವನನ್ನು ಮಧ್ಯವರ್ತಿಯ ಕೈಗೆ ಇನ್ನಷ್ಟು ಬಿಗಿಯಾಗಿ ಒಪ್ಪಿಸುವ ಈ ವೈಪರೀತ್ಯವನ್ನು ನಾವು ಬಹು ಗಂಭೀರವಾದುದೆಂದು ಎಣಿಸುತ್ತೇವೆ. ಸಹಕಾರಿ ಸಂಘದ ಶೂನ್ಯ ಬಡ್ಡಿಯ ಬೆಳೆಸಾಲಕ್ಕೂ ಇದೇ ಪಹಣಿ ಬೇಕಾಗಿರುವುದರಿಂದ, ಈ ವರ್ಗದವರಿಗೆ ಎರಡು ಬಾಗಿಲುಗಳೂ ಒಟ್ಟಿಗೆ ಮುಚ್ಚುತ್ತವೆ.

ಭಾಷೆಯ ವಿಷಯವೂ ಚಿಂತನಾರ್ಹ. ವೇದಿಕೆಯ ಮಾತುಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಿರುಗಿಸಿದೊಡನೆ ಕೆಲಸ ಮುಗಿಯಿತೆಂಬ ಭಾವನೆ ಸಾಮಾನ್ಯವಾಗಿದೆ. ‘ತೇವಾಂಶ’ ಎಂಬುದು ಶುದ್ಧವಾದ ಶಬ್ದವೇ. ಆದರೆ ಬೆಂಬಲ ಬೆಲೆಯ ಭತ್ತದಲ್ಲಿ ತೇವಾಂಶವು ನೂರಕ್ಕೆ ೧೭ನ್ನು ಮೀರಕೂಡದೆಂಬ ನಿಯಮವಿರುವಾಗ, ಕಾಳನ್ನು ಹಲ್ಲಿನಲ್ಲಿ ಕಚ್ಚಿ ‘ಇನ್ನೂ ಹಸಿ ಇದೆ’ ಎನ್ನುವ ರೈತನ ತಿಳಿವಳಿಕೆಗೂ ಈ ಅಂಕಿಗೂ ಸೇತುವೆ ಬೇಕು. ಆ ಸೇತುವೆ ಒಂದು ಚಿಕ್ಕ ಮಾಪಕಯಂತ್ರ. ಅದು ಗ್ರಾಮದ ಸಂಘದಲ್ಲಿದ್ದರೆ ರೈತನು ಪೇಟೆಗೆ ಹೊರಡುವ ಮೊದಲೇ ತನ್ನ ಮಾಲನ್ನು ತಾನು ಅಳೆದುಕೊಂಡಿರುವನು. ಕೊಳ್ಳುವವನ ಅಂಗಳದಲ್ಲಿ ಮಾತ್ರ ಇದ್ದರೆ ಕಬ್ಬಿನ ಇಳುವರಿಯ ಕಥೆಯೇ ಭತ್ತಕ್ಕೂ ಒದಗುವುದು. ಅಂತೆಯೇ ಜಯಾ, ಇಂಟಾನ್, ಅಭಿಲಾಷ ಎಂದು ತಳಿಯ ಹೆಸರಿನಿಂದ ರೈತನು ಗುರುತಿಸುವುದನ್ನು ವೇದಿಕೆಯು ‘ಭತ್ತ, ಸಾಮಾನ್ಯ’ ಎಂಬ ಒಂದೇ ಕೋಷ್ಠಕದಲ್ಲಿ ತುಂಬಿದರೆ, ರುಚಿಗಾಗಿ ಹೆಚ್ಚು ಕೊಡಲು ಸಿದ್ಧನಿರುವ ಗ್ರಾಹಕನು ಅವನಿಗೆ ಎಂದಿಗೂ ಸಿಗಲಾರನು.

ಈ ಕೊನೆಯ ಮಾತಿನಲ್ಲಿ ನೇರ ಮಾರಾಟದ ನಿಜವಾದ ಕ್ಷೇತ್ರವೂ ಸೂಚಿತವಾಗಿದೆ. ಜೋಯಿಡಾದಲ್ಲಿ ಕುಣಬಿ ಜನರು ನಡೆಸುವ ಗೆಡ್ಡೆಗೆಣಸಿನ ಮೇಳಕ್ಕೆ ದೂರದೂರದಿಂದ ಕೊಳ್ಳುವವರು ಬರುತ್ತಾರೆ. ಅಲ್ಲಿ ಬೆಳೆದವನ ಮುಖ, ನೆಲ, ತಳಿ ಇವುಗಳೇ ಮಾಲಿನ ಬೆಲೆಯ ಒಂದು ಭಾಗವಾಗಿವೆ. ಜೇನು, ಹಲಸು, ಕೆಂಪಕ್ಕಿ, ಅಪ್ಪೆಮಿಡಿಗಳೂ ಇಂತಹವೇ. ಯಾರು ಬೆಳೆದರೆಂಬುದು ಗ್ರಾಹಕನಿಗೆ ಮುಖ್ಯವಾದಾಗ ನೇರ ಸಂಬಂಧಕ್ಕೆ ಅರ್ಥವಿದೆ. ಅಂತಹ ಮಾಲಿಗೆ ಮೊಬೈಲಿನ ಮಾರುಕಟ್ಟೆ ನಿಸ್ಸಂದೇಹವಾಗಿ ಉಪಕಾರಿ. ಆದರೆ ಗಿರಣಿಗೆ ಹೋಗಿ ಸಾವಿರ ಮನೆಗಳ ಭತ್ತದೊಡನೆ ಬೆರೆತುಹೋಗುವ ಹತ್ತು ಚೀಲಕ್ಕೆ ಈ ಗುರುತು ಸಲ್ಲದು. ಅಲ್ಲಿ ಬೇಕಾದುದು ಕೊಳ್ಳುವವರ ಪೈಪೋಟಿ ಮತ್ತು ಮಾರುವವರ ಒಗ್ಗಟ್ಟು. ಈ ಎರಡು ಕ್ಷೇತ್ರಗಳನ್ನು ಒಂದೇ ಅಳತೆಯ ಅಂಗಿಯಲ್ಲಿ ತುರುಕಲು ಹೋಗಿರುವುದೇ ಅನೇಕ ಯೋಜನೆಗಳ ಸೋಲಿಗೆ ಕಾರಣವೆಂದು ನಮಗೆ ತೋರುತ್ತದೆ.

೭

ಮೇಲಿನ ವಿವೇಚನೆಯಿಂದ, ಇಂತಹ ಯಾವುದೇ ಮಾರುಕಟ್ಟೆಯ ಯೋಜನೆಯನ್ನು ತೂಗಿನೋಡಲು ಕೆಲವು ಒರೆಗಲ್ಲುಗಳು ದೊರೆಯುತ್ತವೆ. ದಲಾಲನ ಆರು ಕೆಲಸಗಳಲ್ಲಿ ಪ್ರತಿಯೊಂದನ್ನೂ ಇನ್ನು ಮುಂದೆ ಯಾರು ಮಾಡುವರು, ಅದರ ವೆಚ್ಚ ಯಾರದು ಎಂಬುದಕ್ಕೆ ಯೋಜನೆಯಲ್ಲಿ ಉತ್ತರವಿದೆಯೆ? ಬಿತ್ತನೆಯ ಸಾಲವು ಕೊಳ್ಳುವವನ ಕೈಯಿಂದ ಬೇರ್ಪಟ್ಟಿದೆಯೆ? ಅಳತೆ, ತೂಕ, ಗುಣಪರೀಕ್ಷೆಗಳು ಕೊಳ್ಳುವವನ ಅಂಗಳದಿಂದ ಹೊರಗೆ, ರೈತನು ನೋಡಬಲ್ಲ ಸ್ಥಳದಲ್ಲಿ ನಡೆಯುವುವೆ? ಬೆಲೆಯನ್ನು ನಿರಾಕರಿಸಿದ ರೈತನು ಮಾಲನ್ನು ಮನೆಗೆ ಮರಳಿ ಹೇರಿಕೊಂಡು ಹೋಗದೆ ಇರಿಸಲು ಹತ್ತಿರದಲ್ಲಿ ಉಗ್ರಾಣವಿದೆಯೆ? ಪಹಣಿಯಿಲ್ಲದ ಬೇಸಾಯಗಾರನಿಗೆ, ಗ್ರಾಮ ಪಂಚಾಯತಿಯ ಅಥವಾ ಸಂಘದ ದೃಢೀಕರಣದಿಂದಲಾದರೂ, ಪ್ರವೇಶವಿದೆಯೆ? ನಿರಾಕರಿಸುವ ಹಕ್ಕು ಯಂತ್ರದ ಪರದೆಯ ಮೇಲೆ ಒಂದು ಗುಂಡಿಯಾಗಿ ಮಾತ್ರ ಇದ್ದು, ಬಾಡಿಗೆಯ ಟ್ರ್ಯಾಕ್ಟರು ಹೊರಗೆ ಕಾಯುತ್ತಿದ್ದರೆ, ಆ ಹಕ್ಕು ಚಲಾಯಿಸಲು ಬಾರದ ಹಕ್ಕಾಗಿಯೇ ಉಳಿಯುವುದು.

ಈ ಪ್ರಶ್ನೆಗಳಿಗೆಲ್ಲ ಸಮಾಧಾನಕರವಾದ ಉತ್ತರ ಒಬ್ಬೊಬ್ಬ ರೈತನನ್ನು ಒಬ್ಬೊಬ್ಬ ಗ್ರಾಹಕನಿಗೆ ಬೆಸೆಯುವ ಮಾರ್ಗದಿಂದ ದೊರೆಯಲಾರದೆಂದು ನಾವು ಭಾವಿಸುತ್ತೇವ. ಶಿರಸಿಯ ತೋಟಗಾರರು ಒಂದು ಶತಮಾನದಿಂದ ನಡೆಸಿಕೊಂಡು ಬಂದುದು ಮಧ್ಯವರ್ತಿಯಿಲ್ಲದ ಮಾರಾಟವಲ್ಲ. ತಮ್ಮದೇ ಆದ ಮಧ್ಯವರ್ತಿಯ ಮೂಲಕ ಮಾರಾಟ. ಸಾಲ, ಉಗ್ರಾಣ, ಮಾರಾಟಗಳು ಒಂದೇ ಸಂಘದಲ್ಲಿ ಕೂಡಿದ್ದರಿಂದ ಅದು ನಿಂತಿತು. ಅಡಕೆಯು ವರ್ಷಗಟ್ಟಲೆ ಕೆಡದೆ ಉಳಿಯುವ, ಬೆಲೆಯುಳ್ಳ ಮಾಲು. ಭತ್ತಕ್ಕೆ ಆ ಅನುಕೂಲವಿಲ್ಲವೆಂಬ ಆಕ್ಷೇಪ ನ್ಯಾಯವಾದುದೇ. ಹಾಗೆಯೇ ಸಹಕಾರಿ ಸಂಘಗಳೆಲ್ಲ ನಿರ್ಮಲವಾಗಿವೆಯೆಂದೂ, ಅವುಗಳಲ್ಲಿ ಬಲಿಷ್ಠರ ಕಾರುಬಾರು ಇಲ್ಲವೆಂದೂ ಯಾರೂ ಹೇಳಲಾರರು. ಆದರೆ ಸಂಘದ ಲೆಕ್ಕವನ್ನು ಕೇಳುವ ಹಕ್ಕು ಸದಸ್ಯನಿಗಿದೆ, ಆಡಳಿತವನ್ನು ಚುನಾವಣೆಯಲ್ಲಿ ಬದಲಿಸುವ ಅವಕಾಶವಿದೆ. ದೂರದ ಕಂಪನಿಯ ವೇದಿಕೆಯ ನಿಯಮಗಳ ಮೇಲೆ ಅವನಿಗೆ ಅಂತಹ ಹಿಡಿತವೇನೂ ಇಲ್ಲ. ೨೦೨೦ರಲ್ಲಿ ಹತ್ತು ಸಾವಿರ ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಯೋಜನೆಯನ್ನು ಕೇಂದ್ರವು ಘೋಷಿಸಿದುದು ಈ ದಿಕ್ಕಿನಲ್ಲಿ ಒಂದು ಹೆಜ್ಜೆ. ಅವು ಸಂಖ್ಯೆಗಾಗಿ ಹುಟ್ಟದೆ, ಸಾಲ, ಅಳತೆ, ಉಗ್ರಾಣ ಈ ಮೂರನ್ನು ಕೈಗೆ ತೆಗೆದುಕೊಂಡರೆ ಡಿಜಿಟಲ್ ಮಾರುಕಟ್ಟೆಯು ಅವುಗಳ ಕೈಯಲ್ಲಿ ಉತ್ತಮ ಉಪಕರಣವಾಗಬಲ್ಲದು.

ವಿದ್ಯಾರ್ಥಿಗಳಿಗೆ ಒಂದು ಸೂಚನೆಯೊಡನೆ ಈ ಲೇಖನವನ್ನು ಮುಗಿಸಬಹುದು. ಇಂತಹ ವಿಷಯವನ್ನು ಪ್ರಬಂಧಕ್ಕಾಗಿ ಆರಿಸಿಕೊಳ್ಳುವವರು ವೇದಿಕೆಯ ವಿವರಣೆಯಿಂದ ಆರಂಭಿಸದೆ ಒಂದು ಗ್ರಾಮದ ಒಂದು ಬೆಳೆಯಿಂದ ಆರಂಭಿಸುವುದು ಒಳ್ಳೆಯದು. ಒಂದು ಸುಗ್ಗಿಯಲ್ಲಿ ಹತ್ತು ಮನೆಗಳ ಭತ್ತವು ಯಾವ ಯಾವ ಕೈಗಳನ್ನು ದಾಟಿತು, ಪ್ರತಿಯೊಂದು ಕೈಯೂ ಮಾಡಿದ ಕೆಲಸವೇನು, ತೆಗೆದುಕೊಂಡ ಹಣವೆಷ್ಟು, ಜೂನಿನಲ್ಲಿ ಸಾಲ ಕೊಟ್ಟವರು ಯಾರು, ಪಹಣಿ ಯಾರ ಹೆಸರಿನಲ್ಲಿದೆ ಎಂಬುದನ್ನು ಬರೆದಿಟ್ಟರೆ ಅದೇ ಒಂದು ಬೆಲೆಬಾಳುವ ಸಂಶೋಧನೆಯಾಗುವುದು. ತೇರಗಾಂವದ ಹತ್ತು ಕಣಗಳ ಇಂತಹ ಲೆಕ್ಕವು ನಮ್ಮ ಮುಂದಿದ್ದರೆ, ಅಲ್ಲಿಗೆ ಎಂತಹ ಮಾರುಕಟ್ಟೆ ಬೇಕೆಂಬುದನ್ನು ಈಗಿಗಿಂತ ಹೆಚ್ಚಿನ ಧೈರ್ಯದಿಂದ ಹೇಳಬಹುದು.